ಇಂಧನ ಯೋಜನೆಯ ಲೆಕ್ಕದಲ್ಲಿ ಬಳಕೆದಾರ

ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಂದು ನಾಡಿಗೆ ಎಷ್ಟು ವಿದ್ಯುತ್, ಎಷ್ಟು ಅನಿಲ, ಎಷ್ಟು ತೈಲ ಬೇಕಾದೀತು, ಅದನ್ನು ಯಾವ ಮೂಲದಿಂದ ಎಷ್ಟು ಖರ್ಚಿನಲ್ಲಿ ಒದಗಿಸಬೇಕು ಎಂಬ ಲೆಕ್ಕವೇ ದೀರ್ಘಾವಧಿ ಇಂಧನ ಯೋಜನೆ. ಉಷ್ಣ ಸ್ಥಾವರ, ಅಣೆಕಟ್ಟು, ಪ್ರಸರಣ ಮಾರ್ಗ ಇವೆಲ್ಲ ಒಮ್ಮೆ ಕಟ್ಟಿದರೆ ಮೂರು ನಾಲ್ಕು ದಶಕ ಉಳಿಯುತ್ತವೆ. ಆದ್ದರಿಂದ ಲೆಕ್ಕ ತಪ್ಪಿದರೆ ಅದರ ಸಾಲವೂ ಅಷ್ಟೇ ಕಾಲ ಉಳಿಯುತ್ತದೆ. ಈ ಲೆಕ್ಕಕ್ಕೆ ಇಂದು ಬಳಕೆಯಲ್ಲಿರುವ ಗಣಿತ ಮಾದರಿಗಳ ಹಿರಿಯ ಕುಟುಂಬ 1973ರ ತೈಲ ಬಿಕ್ಕಟ್ಟಿನ ನಂತರ ರೂಪುಗೊಂಡಿತು. ಅಮೆರಿಕದ ಬ್ರೂಕ್‌ಹೇವನ್ ಮತ್ತು ಪಶ್ಚಿಮ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರಗಳು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ 1970ರ ದಶಕದ ಕೊನೆಯಲ್ಲಿ ಕಟ್ಟಿದ ಮಾರ್ಕಲ್ ಮತ್ತು ಅದರ ಉತ್ತರಾಧಿಕಾರಿಯಾದ ಟೈಮ್ಸ್ ಹತ್ತಾರು ದೇಶಗಳಲ್ಲಿ ಬಳಕೆಗೆ ಬಂದವು. ಭಾರತದಲ್ಲಿ ಟೆರಿ ಸಂಸ್ಥೆ ತನ್ನ ಅಧ್ಯಯನಗಳಿಗೆ ಮಾರ್ಕಲ್ ಅನ್ನು ಬಳಸಿಕೊಂಡಿದೆ.

ಇಂಥ ಮಾದರಿಯ ಒಳಗೆ ಕಲ್ಲಿದ್ದಲು ಸ್ಥಾವರದಿಂದ ಹಿಡಿದು ಅಡುಗೆಮನೆಯ ಬಲ್ಬಿನವರೆಗೆ ನೂರಾರು ಸಾಧನಗಳ ಬೆಲೆ, ಆಯುಷ್ಯ ಮತ್ತು ದಕ್ಷತೆ ಬರೆದಿರುತ್ತವೆ. ಇಷ್ಟು ಬೆಳಕು, ಇಷ್ಟು ಬಿಸಿನೀರು, ಇಷ್ಟು ಪ್ರಯಾಣ ಬೇಕೆಂದು ಹೇಳಿದರೆ ಒಟ್ಟು ಖರ್ಚು ಅತ್ಯಂತ ಕಡಿಮೆಯಾಗುವ ಜೋಡಣೆಯನ್ನು ಅದು ಹುಡುಕಿ ಕೊಡುತ್ತದೆ. ಎಲ್ಲ ತೀರ್ಮಾನಗಳನ್ನೂ ಒಬ್ಬನೇ ಕೈಗೊಳ್ಳುತ್ತಾನೆ, ಅವನಿಗೆ ಮೂವತ್ತು ವರ್ಷ ಮುಂದಿನ ಬೆಲೆಯೂ ಗೊತ್ತು, ಅವನ ಕೈಯಲ್ಲಿ ಹಣಕ್ಕೆ ಕೊರತೆಯಿಲ್ಲ ಎಂಬ ಊಹೆ ಈ ವಿಧಾನದ ಅಡಿಪಾಯದಲ್ಲೇ ಇದೆ. ಸ್ಥಾವರ ಕಟ್ಟುವ ನಿಗಮಕ್ಕೆ ಈ ಊಹೆ ಸ್ವಲ್ಪ ಮಟ್ಟಿಗೆ ಹೊಂದೀತು. ತಿಂಗಳ ಕೊನೆಯಲ್ಲಿ ಫ್ಯಾನು ಕೆಟ್ಟಾಗ ಅಂಗಡಿಗೆ ಹೋಗುವ ಮನೆಯವರಿಗೆ ಹೊಂದುವುದಿಲ್ಲ. ನಾಡಿನ ವಿದ್ಯುತ್ ಬೇಡಿಕೆಯ ದೊಡ್ಡ ಪಾಲು ತೀರ್ಮಾನವಾಗುವುದು ಇಂಥ ಲಕ್ಷಾಂತರ ಮನೆ, ಹೊಲ, ಅಂಗಡಿಗಳಲ್ಲಿ. ಅವುಗಳ ನಡವಳಿಕೆ ಮಾದರಿಯೊಳಗೆ ಹೇಗೆ ಬರಬೇಕು ಎಂಬ ಪ್ರಶ್ನೆಯನ್ನು ಕರ್ನಾಟಕ ತನ್ನದೇ ಅನುಭವದಿಂದ ಎದುರಿಸಿದೆ.

1987ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳಿಗೆ ದೀರ್ಘಾವಧಿ ನಕ್ಷೆ ಹಾಕಲು ನೇಮಕವಾಗಿದ್ದ ಸಮಿತಿ 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 47.5 ಶತಕೋಟಿ ಯೂನಿಟ್ ವಿದ್ಯುತ್ತೂ 9,400 ಮೆಗಾವಾಟ್ ಸಾಮರ್ಥ್ಯವೂ ಬೇಕು ಎಂದಿತು. ಇದು ಹಿಂದಿನ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆದು ಪಡೆದ ಬೇಡಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು ಇದಕ್ಕೆ ಎದುರಾಗಿ ಡಿಫೆಂಡಸ್ ಎಂಬ ಚಿತ್ರವನ್ನು ಮಂಡಿಸಿದರು. ಅಭಿವೃದ್ಧಿಯನ್ನು ಗುರಿಯಾಗಿಟ್ಟು, ಅಂತಿಮ ಬಳಕೆಯಿಂದ ಹೊರಟು, ಜನರಿಗೆ ಸಿಗಬೇಕಾದ ಸೇವೆಯನ್ನು ಅಳೆಯುವ ವಿಧಾನ ಅದು. ಯೂನಿಟ್ಟುಗಳನ್ನು ಎಣಿಸುವ ಮೊದಲು ಆ ಯೂನಿಟ್ ಯಾರ ಮನೆಯಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಅದು ಕೇಳಿತು. ಅವರ ಲೆಕ್ಕದಲ್ಲಿ 2000ನೇ ಇಸವಿಗೆ ಬೇಕಾದದ್ದು ಸುಮಾರು 17.9 ಶತಕೋಟಿ ಯೂನಿಟ್, 4,000 ಮೆಗಾವಾಟ್. ಎಲ್ಲ ಮನೆಗೂ ದೀಪ ಕೊಟ್ಟೂ ಸಮಿತಿಯ ಅಂದಾಜಿನ ಅರ್ಧವೂ ಆಗಲಿಲ್ಲ.

ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಮನೆಗಳ ವಿಂಗಡಣೆ ತೋರಿಸುತ್ತದೆ. ಅಂದಿನ ಕರ್ನಾಟಕದಲ್ಲಿ ಗೃಹ ಸಂಪರ್ಕಗಳು ಎರಡು ಬಗೆ: ಎಇಎಚ್ ಮತ್ತು ಎಇಎಚ್ ಅಲ್ಲದವು. ಎಇಎಚ್ ಎಂದರೆ ದೀಪದ ಜೊತೆಗೆ ಒಲೆ, ಬಚ್ಚಲ ನೀರು ಎಲ್ಲಕ್ಕೂ ಕರೆಂಟು ಬಳಸುವ ಮನೆ. 1960ರ ದಶಕದಲ್ಲಿ ಶರಾವತಿ ಯೋಜನೆಯಿಂದ ಧಾರಾಳವಾಗಿ, ಅಗ್ಗವಾಗಿ ಜಲವಿದ್ಯುತ್ ಸಿಗತೊಡಗಿದ ಕಾಲದಲ್ಲಿ ಬೆಳೆದ ರೂಢಿ ಅದು. ವಿದ್ಯುತ್ ಹೆಚ್ಚಿದ್ದಾಗ ಕಲಿತ ಅಭ್ಯಾಸ ಕೊರತೆಯ ವರ್ಷಗಳಲ್ಲೂ ಮುಂದುವರಿಯಿತು. ಗೋಡೆಯೊಳಗೆ ತಂತಿ ಎಳೆದು ಬಚ್ಚಲಲ್ಲಿ ಬಾಯ್ಲರ್ ಕೂರಿಸಿದ ಮೇಲೆ ಅದನ್ನು ಕಿತ್ತು ಹಂಡೆ ಒಲೆಗೆ ಯಾರೂ ಮರಳುವುದಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿದ್ದ ಈ ಮನೆಗಳು ಗೃಹಬಳಕೆಯ ಬಹುಪಾಲನ್ನು ನುಂಗುತ್ತಿದ್ದವು. ಎರಡನ್ನೂ ಒಟ್ಟು ಸೇರಿಸಿ ಸರಾಸರಿ ತೆಗೆದು ವರ್ಷಕ್ಕೆ ಇಷ್ಟು ಶೇಕಡಾ ಎಂದು ಬೆಳೆಸಿದರೆ ಒಂಟಿ ಬಲ್ಬಿನ ಮನೆಯೂ ಬಾಯ್ಲರ್ ಮನೆಯ ದಾರಿಯಲ್ಲಿ ನಡೆಯುತ್ತದೆ ಎಂದು ಒಪ್ಪಿಕೊಂಡಂತೆ. ಬಿಸಿನೀರಿಗೆ ಸೌರ ಹೀಟರ್, ಅಡುಗೆಗೆ ಎಲ್‌ಪಿಜಿ, ಬೆಳಕಿಗೆ ಸಿಎಫ್‌ಎಲ್, ನೀರಾವರಿ ಪಂಪ್‌ಸೆಟ್ಟಿಗೆ ಘರ್ಷಣೆ ಕಡಿಮೆಯಿರುವ ಫೂಟ್‌ವಾಲ್ವ್ ಮತ್ತು ಅಗಲವಾದ ಪೈಪು – ಡಿಫೆಂಡಸ್ ಉಳಿತಾಯ ಕಂಡದ್ದು ಇಂಥ ಕಡೆಗಳಲ್ಲಿ.

2000ನೇ ಇಸವಿಯ ನಿಜವಾದ ಬಳಕೆಯನ್ನು ಮುಂದಿಟ್ಟು ಈ ಎರಡರಲ್ಲಿ ಯಾವುದು ಗೆದ್ದಿತು ಎಂದು ಕೇಳುವುದು ಸರಿಯಾಗದು. ಡಿಫೆಂಡಸ್ ಹೇಳಿದ್ದು ಆಗುವುದನ್ನಲ್ಲ, ಆಗಿಸಬಹುದಾದುದನ್ನು. ಇನ್ನೊಂದು ತೊಡಕೂ ಇದೆ: ಲೋಡ್ ಶೆಡ್ಡಿಂಗ್ ಇರುವ ರಾಜ್ಯದಲ್ಲಿ ಮೀಟರು ತೋರಿಸುವುದು ಎಷ್ಟು ಕೊಟ್ಟರು ಎಂಬುದನ್ನು, ಎಷ್ಟು ಬೇಕಿತ್ತು ಎಂಬುದನ್ನಲ್ಲ. ಕತ್ತಲಲ್ಲಿ ಕಳೆದ ಗಂಟೆಗಳು ದಾಖಲೆಯಲ್ಲಿ ಬೇಡಿಕೆಯಿಲ್ಲದ ಗಂಟೆಗಳಾಗಿ ಉಳಿಯುತ್ತವೆ. ಆದರೆ ಡಿಫೆಂಡಸ್ ಎದುರಿಸಬೇಕಾದ ನಿಜವಾದ ಪ್ರಶ್ನೆ ಬೇರೆ. ಅದು ಪಟ್ಟಿ ಮಾಡಿದ ಸಾಧನಗಳೆಲ್ಲ ಲಾಭದಾಯಕವೇ ಆಗಿದ್ದರೂ ಜನ ಅವನ್ನು ತಾವಾಗಿ ಏಕೆ ಕೊಳ್ಳುತ್ತಿರಲಿಲ್ಲ?

ಈ ಪ್ರಶ್ನೆಗೆ ರೆಡ್ಡಿಯವರೇ 1991ರ ಒಂದು ಪ್ರಬಂಧದಲ್ಲಿ ಉತ್ತರ ಹುಡುಕಿದರು. ದಕ್ಷತೆಗೆ ಅಡ್ಡಿಯಾಗುವ ಬಳಕೆದಾರರನ್ನು ಅವರು ಬಗೆಬಗೆಯಾಗಿ ಬಿಡಿಸಿದರು: ಮಾಹಿತಿಯಿಲ್ಲದವರು, ಮೊದಲ ಖರ್ಚಿಗೆ ಹಣವಿಲ್ಲದವರು, ಉಳಿತಾಯ ತೀರ ಸಣ್ಣದೆಂದು ತಲೆಕೆಡಿಸಿಕೊಳ್ಳದವರು, ಬೇಕೆಂದರೂ ಹೇಗೆ ಮಾಡುವುದೆಂದು ದಾರಿ ಕಾಣದವರು, ನಾಳಿನ ಬೆಲೆಯ ಬಗ್ಗೆ ಅನುಮಾನವಿರುವವರು, ಬೇರೆಯವರು ಕೊಂಡ ಅದಕ್ಷ ಸಾಧನಕ್ಕೆ ವಾರಸುದಾರರಾದವರು. ಈ ವಿಂಗಡಣೆ ಇಂದಿಗೂ ಮಾದರಿ ಕಟ್ಟುವವರಿಗೆ ಅತ್ಯುತ್ತಮ ಆರಂಭ. ಜನ ತಪ್ಪು ಮಾಡುತ್ತಾರೆ, ಅವರಿಗೆ ತಿಳಿವಳಿಕೆ ಕೊಡಬೇಕು ಎಂಬ ಅಧಿಕಾರಿಗಳ ಮಾತಿಗೆ ಅದು ಕೇವಲ ಒಂದು ಮೂಲೆ ಬಿಟ್ಟುಕೊಡುತ್ತದೆ. ಉಳಿದ ಐದು ಬಗೆಯವರು ತಮ್ಮ ಪರಿಸ್ಥಿತಿಯಲ್ಲಿ ಸರಿಯಾದ ತೀರ್ಮಾನವನ್ನೇ ಮಾಡುತ್ತಿದ್ದಾರೆ. ನಡವಳಿಕೆಯನ್ನು ಲೆಕ್ಕಕ್ಕೆ ತರುವುದೆಂದರೆ ಮೊದಲಿಗೆ ಈ ಪರಿಸ್ಥಿತಿಗಳನ್ನು ಲೆಕ್ಕಕ್ಕೆ ತರುವುದು.

ಅವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಮೊದಲ ಖರ್ಚು. ಛಾವಣಿಗೆ ಹಾಕುವ ಸಾಮಾನ್ಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ದಿನಕ್ಕೆ ಹತ್ತು ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಉಳಿಯುವುದು 135 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ 810 ರೂಪಾಯಿ. ಬೆಲೆಯ ವ್ಯತ್ಯಾಸ 1,500 ರೂಪಾಯಿ ಎಂದಿಟ್ಟುಕೊಂಡರೂ ಎರಡು ವರ್ಷದೊಳಗೆ ಅಸಲು ಕೈಸೇರೀತು. ವರ್ಷಕ್ಕೆ ಶೇ. 50ಕ್ಕೂ ಮೀರಿದ ಪ್ರತಿಫಲ ಯಾವ ಬ್ಯಾಂಕಿನ ಠೇವಣಿಯೂ ಕೊಡದು. ಆದರೂ ಅಗ್ಗದ ಫ್ಯಾನನ್ನೇ ಕೊಂಡವರು ನಾಳಿನ ನೂರು ರೂಪಾಯಿಗಿಂತ ಇಂದಿನ ಐವತ್ತು ಮೇಲು ಎಂಬಂತೆ ನಡೆದುಕೊಂಡರು ಎಂದು ಅರ್ಥಶಾಸ್ತ್ರ ಓದುತ್ತದೆ. ಹೀಗೆ ಕೊಳ್ಳುವ ನಡೆಯಿಂದ ಹಿಂದಕ್ಕೆ ಎಣಿಸಿ ಪಡೆಯುವ ದರವೇ ಅಂತರ್ಗತ ಡಿಸ್ಕೌಂಟ್ ದರ. ಅಮೆರಿಕದ ಅರ್ಥಶಾಸ್ತ್ರಜ್ಞ ಜೆರ್ರಿ ಹೌಸ್‌ಮನ್ 1979ರಲ್ಲಿ ಕೋಣೆಯ ಏರ್ ಕಂಡಿಷನರ್‌ಗಳ ಖರೀದಿಯನ್ನು ಪರಿಶೀಲಿಸಿ ಈ ದರ ಶ್ರೀಮಂತರಲ್ಲಿ ಶೇ. 5ರಷ್ಟು ಕೆಳಗೂ ಕಡಿಮೆ ವರಮಾನದವರಲ್ಲಿ ಶೇ. 89ರವರೆಗೂ ಹೋಗುವುದನ್ನು ತೋರಿಸಿದರು. ಯೋಜನಾ ಮಾದರಿಗಳು ಸಾಮಾನ್ಯವಾಗಿ ಎಲ್ಲರಿಗೂ ಹಚ್ಚುವ ದರ ಶೇ. 5ರಿಂದ 12ರ ನಡುವಿನದು. ಬಡವರ ಮನೆಗೆ ಆ ದರ ಹಚ್ಚಿದ ಮಾದರಿ ಅಲ್ಲಿ ಎಂದೂ ಬರದ ಸಾಧನಗಳನ್ನು ಕಾಗದದ ಮೇಲೆ ತುಂಬುತ್ತದೆ.

ಇದಕ್ಕೆ ಸುಲಭದ ಪರಿಹಾರವಾಗಿ ಹಲವು ಮಾದರಿಗಳು ಮನೆಬಳಕೆಯ ಸಾಧನಗಳಿಗೆ ಶೇ. 25 ಅಥವಾ 30ರ ಎತ್ತರದ ದರ ಹಾಕುತ್ತವೆ. ಫಲಿತಾಂಶ ಆಗ ಮಾರುಕಟ್ಟೆಗೆ ಹತ್ತಿರ ಬರುತ್ತದೆ. ಆದರೆ ಈ ಒಂದು ಸಂಖ್ಯೆಯೊಳಗೆ ಬೇರೆ ಬೇರೆ ಕಾರಣಗಳು ಕಲಸಿಹೋಗಿರುತ್ತವೆ. ಕೈಯಲ್ಲಿ ಕಾಸಿಲ್ಲದಿರುವುದು, ಸಾಧನದ ಮೇಲೆ ನಂಬಿಕೆಯಿಲ್ಲದಿರುವುದು, ಮನೆ ಬಾಡಿಗೆಯದಾಗಿರುವುದು ಇವು ಮೂರೂ ಒಂದೇ ಶೇಕಡಾವಾರು ಆಗಿಬಿಡುತ್ತವೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಗೀಸರ್ ಕೊಳ್ಳುವವರು ಮಾಲೀಕರು, ಬಿಲ್ ಕಟ್ಟುವವರು ಬಾಡಿಗೆದಾರರು. ಅಲ್ಲಿ ಸಾಲ ಸೌಲಭ್ಯ ಎಷ್ಟು ಕೊಟ್ಟರೂ ಪ್ರಯೋಜನವಿಲ್ಲ. ಹಣದ ಅಡ್ಡಿಯಿರುವ ಕಡೆ ಕಂತು ಕೆಲಸ ಮಾಡುತ್ತದೆ, ನಂಬಿಕೆಯ ಅಡ್ಡಿಯಿರುವ ಕಡೆ ಗ್ಯಾರಂಟಿ, ಬಾಡಿಗೆಯ ಅಡ್ಡಿಯಿರುವ ಕಡೆ ಕಟ್ಟಡದ ನಿಯಮ. ಯಾವ ಅಡ್ಡಿ ಎಲ್ಲಿದೆ ಎಂದು ತಿಳಿಯದ ಮಾದರಿ ಯಾವ ಕಾರ್ಯಕ್ರಮದ ಫಲವನ್ನೂ ಮುಂಚಿತವಾಗಿ ಅಳೆಯಲಾರದು. ಏರಿಸಿದ ದರದ ಮೇಲೆ ನಿಂತ ಹಲವು ವರದಿಗಳ ದೊಡ್ಡ ದೌರ್ಬಲ್ಯ ಇದೇ.

ಕಾರಣಗಳನ್ನು ಬಿಡಿಸುವ ದಾರಿಗಳೂ ಬಂದಿವೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಜಕ್ಕಾರ್ಡ್ ಮತ್ತು ಸಂಗಡಿಗರು ಬೆಳೆಸಿದ ಸಿಮ್ಸ್ ಮಾದರಿ ಡಿಸ್ಕೌಂಟ್ ದರ, ಹಣದಲ್ಲಿ ಕಾಣದ ಅನನುಕೂಲದ ಬೆಲೆ, ಕೊಳ್ಳುವವರ ನಡುವಣ ಭಿನ್ನತೆ ಈ ಮೂರನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಮೂರನೆಯದು ಇಲ್ಲದ ಮಾದರಿಯಲ್ಲಿ ಒಂದು ಸಾಧನ ಇನ್ನೊಂದಕ್ಕಿಂತ ಒಂದು ರೂಪಾಯಿ ಅಗ್ಗವಾದ ಕ್ಷಣ ಇಡೀ ನಾಡು ಅದರತ್ತ ವಾಲುತ್ತದೆ. ನಿಜದಲ್ಲಿ ಮಾರುಕಟ್ಟೆ ಹಂಚಿಹೋಗುತ್ತದೆ, ನಿಧಾನವಾಗಿ ಸರಿಯುತ್ತದೆ. ಭಾರತಕ್ಕೆ ಇನ್ನೂ ಹತ್ತಿರವಾದದ್ದು ಆಸ್ಟ್ರಿಯಾದ ಲಕ್ಸೆನ್‌ಬರ್ಗ್‌ನಲ್ಲಿರುವ ಅಂತರರಾಷ್ಟ್ರೀಯ ಅನ್ವಯಿಕ ವ್ಯವಸ್ಥಾ ವಿಶ್ಲೇಷಣಾ ಸಂಸ್ಥೆಯ ಮೆಸೇಜ್ ಮಾದರಿಯ ಬಳಿ ಬೆಳೆದ ಕೆಲಸ. 2010ರಲ್ಲಿ ಪ್ರಕಟವಾದ ಅದರ ಅಧ್ಯಯನ ಭಾರತದ ಮನೆಗಳನ್ನು ಹಳ್ಳಿ–ಪಟ್ಟಣ ಮತ್ತು ವರಮಾನದ ಪ್ರಕಾರ ವಿಂಗಡಿಸಿ, ಸೌದೆ ಒಟ್ಟುವ ಶ್ರಮ ಮತ್ತು ಹೊಗೆಯನ್ನು ಅನನುಕೂಲದ ಬೆಲೆಯಾಗಿ ಸೇರಿಸಿ, ಪ್ರತಿ ಗುಂಪಿಗೂ ಅದರ ವರಮಾನಕ್ಕೆ ತಕ್ಕ ಡಿಸ್ಕೌಂಟ್ ದರ ಕೊಟ್ಟು ಅಡುಗೆ ಇಂಧನದ ಆಯ್ಕೆಯನ್ನು ವಿವರಿಸಿತು.

ಆದರೂ ಅಡುಗೆಯ ವಿಷಯದಲ್ಲಿ ಒಂದು ತಪ್ಪು ಬಹುಕಾಲ ಉಳಿಯಿತು. ವರಮಾನ ಏರಿದಂತೆ ಮನೆ ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಗ್ಯಾಸಿಗೆ ಮೆಟ್ಟಿಲು ಹತ್ತುತ್ತದೆ ಎಂಬ ಚಿತ್ರ ಪಠ್ಯಪುಸ್ತಕಗಳಲ್ಲೂ ಮಾದರಿಗಳಲ್ಲೂ ಇತ್ತು. ಮೆಕ್ಸಿಕೊದ ಹಳ್ಳಿಗಳ ಕುರಿತು 2000ದಲ್ಲಿ ಬಂದ ಅಧ್ಯಯನ ಜನ ಹಳೆಯ ಇಂಧನ ಬಿಡದೆಯೇ ಹೊಸದನ್ನು ಸೇರಿಸಿಕೊಳ್ಳುತ್ತಾರೆ ಎಂದು ತೋರಿಸಿತು. ಮಲೆನಾಡು, ಕರಾವಳಿಯ ಮನೆಗಳಿಗೆ ಇದು ಹೊಸ ಸುದ್ದಿಯಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಬಚ್ಚಲ ಹಂಡೆಗೆ ತೆಂಗಿನ ಗರಿ, ಅಡಕೆ ಸಿಪ್ಪೆ ಉರಿಯುತ್ತದೆ. ತೋಟದಲ್ಲಿ ಬಿದ್ದದ್ದಕ್ಕೆ ದುಡ್ಡು ಕೊಡಬೇಕಿಲ್ಲ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದ ಉಜ್ವಲಾ ಯೋಜನೆ ಕೋಟ್ಯಂತರ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಟ್ಟಿತು. ಸಂಪರ್ಕ ಸಿಕ್ಕಿತೆಂದರೆ ಸೌದೆ ನಿಂತಿತೆಂದು ಬರೆದುಕೊಳ್ಳುವ ಮಾದರಿಗೆ ವರ್ಷಕ್ಕೆ ಎಷ್ಟು ಸಿಲಿಂಡರ್ ಮರುಭರ್ತಿಯಾಯಿತು ಎಂಬ ಅಂಕಿಯೇ ಉತ್ತರ ಕೊಡುತ್ತದೆ. ಯೋಜನೆ ಎಣಿಸಬೇಕಾದದ್ದು ಆ ಮರುಭರ್ತಿಯನ್ನು.

ಜನರಿಗೆ ಬೇಕಾದ ಸೇವೆ ಯಾವುದು ಎಂಬುದೂ ತಜ್ಞರ ಊಹೆಗೆ ಬಿಡುವ ವಿಷಯವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನ ಕೇಂದ್ರವಾದ ಅಸ್ತ್ರ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಗ್ಯಾಸ್ ಘಟಕ ಕಟ್ಟಿದಾಗ ಮೊದಲ ಗುರಿ ಅಡುಗೆಯಾಗಿತ್ತು. ಇಡೀ ಊರಿನ ಅಡುಗೆಗೆ ಸಿಗುವ ಸಗಣಿ ಸಾಲದಾಯಿತು. ಅದೇ ಅನಿಲದಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರನ್ನು ಮನೆ ಬಳಿಗೆ ತರುವುದು, ಮನೆಗಳಿಗೆ ದೀಪ ಕೊಡುವುದು ಸಾಧ್ಯವಾಯಿತು. ಊರವರು ಮನಸ್ಸಿಟ್ಟು ನಡೆಸಿಕೊಂಡದ್ದು ಈ ಎರಡನೆಯ ರೂಪವನ್ನು. ಅಡುಗೆಗೆ ಅವರ ಬಳಿ ಸೌದೆ ಇತ್ತು, ಶುದ್ಧ ನೀರಿಗೆ ಬೇರೆ ದಾರಿ ಇರಲಿಲ್ಲ. ಕಿಲೋಕ್ಯಾಲರಿಯ ಪಟ್ಟಿ ನೋಡಿದರೆ ಹಳ್ಳಿಯ ಇಂಧನದ ಬಹುಪಾಲು ಅಡುಗೆಗೆ ಹೋಗುತ್ತದೆ, ಆದ್ದರಿಂದ ಅದೇ ಮೊದಲ ಅಗತ್ಯ ಎಂದು ಯಾರಾದರೂ ಬರೆದಾರು. ಪುರದ ಜನರ ಅಗತ್ಯದ ಕ್ರಮ ಬೇರೆಯಿತ್ತು.

ಕರ್ನಾಟಕದ ಯೋಜನೆಯಲ್ಲಿ ಅತಿ ದೊಡ್ಡ ಅನಿಶ್ಚಿತತೆ ಪಂಪ್‌ಸೆಟ್ಟಿನದು. 10 ಎಚ್‌ಪಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತ. ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಹೀಗೆ ಅಂದಾಜಿನಿಂದಲೇ ದಾಖಲಾಗುತ್ತದೆ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ನಿಶ್ಚಯವಿಲ್ಲದ ರೈತ ಪಂಪಿಗೆ ಆಟೊ ಸ್ಟಾರ್ಟರ್ ಹಾಕಿ ಬಿಡುತ್ತಾನೆ. ಮಧ್ಯರಾತ್ರಿ ಕರೆಂಟು ಬಂದೊಡನೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಏಳುತ್ತವೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ವೋಲ್ಟೇಜ್ ಕುಸಿದು ಮೋಟರಿನ ಕಾಯಿಲು ಹೋಗುತ್ತದೆ. ಮೋಟರ್ ರಿಪೇರಿಯ ಖರ್ಚಿನಿಂದ ಬೇಸತ್ತವರು ವೋಲ್ಟೇಜ್ ಏರಿಳಿತ ತಾಳುವ ಗಟ್ಟಿ ಮೋಟರನ್ನು ಆರಿಸುತ್ತಾರೆ, ದಕ್ಷತೆ ಅವರ ಚಿಂತೆಯಲ್ಲ. ಹೊರಗಿನಿಂದ ಪೋಲು ಎಂದು ಕಾಣುವ ಈ ನಡವಳಿಕೆಯನ್ನು ಹುಟ್ಟಿಸಿದ್ದು ಪೂರೈಕೆಯ ಅನಿಶ್ಚಿತತೆ. ಆದ್ದರಿಂದ ಕೃಷಿ ಬೇಡಿಕೆಯನ್ನು ಪೂರೈಕೆಗೆ ಸಂಬಂಧವಿಲ್ಲದ ಒಂದು ಸಂಖ್ಯೆಯಾಗಿ ಮಾದರಿಗೆ ಕೊಡುವುದು ಮೂಲದಲ್ಲೇ ತಪ್ಪು. ಮನೆಗೂ ಪಂಪಿಗೂ ಫೀಡರ್ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ, 2,050 ಮೆಗಾವಾಟಿನ ಪಾವಗಡ ಸೌರ ಪಾರ್ಕು ಬಂದ ಮೇಲೆ ಹಗಲು ಹೊತ್ತಿನಲ್ಲಿ ಪಂಪಿಗೆ ಕರೆಂಟು ಕೊಡುವ ಅವಕಾಶ, ಇವು ರೈತನ ದಿನಚರಿಯನ್ನೇ ಬದಲಿಸಬಲ್ಲವು. ವಾರ್ಷಿಕ ಯೂನಿಟ್ಟುಗಳಲ್ಲಿ ಮಾತ್ರ ಯೋಚಿಸುವ ಮಾದರಿಗೆ ಈ ಬದಲಾವಣೆ ಕಾಣುವುದೇ ಇಲ್ಲ. ದಿನದ ಯಾವ ಗಂಟೆ ಎಂಬುದು ಅದರೊಳಗೆ ಇರಬೇಕು.

ಗಂಟೆಯ ಪ್ರಶ್ನೆ ಬಚ್ಚಲಿಗೂ ಬರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರ ನಡುವೆ ಪಟ್ಟಣಗಳ ಗೀಸರ್‌ಗಳು ಒಟ್ಟಿಗೆ ಹೊತ್ತಿಕೊಳ್ಳುವುದರಿಂದ ಏಳುವ ಬೇಡಿಕೆ ರಾಜ್ಯದ ಹಳೆಯ ಸಮಸ್ಯೆ. ಇದರ ಎದುರು ಕರ್ನಾಟಕ ಮಾಡಿದ ಕೆಲಸ ನಡವಳಿಕೆಯ ದೃಷ್ಟಿಯಿಂದ ಅಭ್ಯಾಸಯೋಗ್ಯ. ಸೌರ ಹೀಟರ್ ಇರುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ಬಿಲ್ಲಿನಲ್ಲಿ ರಿಯಾಯಿತಿ ಸಿಕ್ಕಿತು. 2007ರಲ್ಲಿ ಹೊಸ ಕಟ್ಟಡಗಳಿಗೆ ಸಂಪರ್ಕ ಕೊಡಲು ಹೀಟರ್ ಕಡ್ಡಾಯವಾಯಿತು. ಐವತ್ತು ರೂಪಾಯಿಯ ಆಸೆಗೆ ಯಾರೂ ಹೀಟರ್ ಕೊಂಡಿರಲಾರರು, ಆದರೆ ಅದು ಸರ್ಕಾರ ಇದರ ಹಿಂದಿದೆ ಎಂಬ ಭರವಸೆ ಕೊಟ್ಟಿತು. ಕಡ್ಡಾಯ ನಿಯಮವು ಮನೆ ಕಟ್ಟಿಸುವವರಿಗೂ ವಾಸಿಸುವವರಿಗೂ ನಡುವಿನ ತೊಡಕನ್ನು ದಾಟಿತು. ಮೊದಲೇ ಹತ್ತಾರು ತಯಾರಕರೂ ರಿಪೇರಿ ಮಾಡುವವರೂ ಇದ್ದ ಊರಿನಲ್ಲಿ ನೆರೆಮನೆಯ ತಾರಸಿಯ ಟ್ಯಾಂಕೇ ಜಾಹೀರಾತಾಯಿತು. ಇವು ನಾಲ್ಕೂ ಸೇರಿಯೇ ಬೆಂಗಳೂರಿನ ತಾರಸಿಗಳು ಇಂದಿನ ರೂಪ ಪಡೆದವು. ಹೀಟರ್ ಬೆಲೆಯನ್ನಷ್ಟೇ ಹಾಕಿಕೊಂಡ ಮಾದರಿ ಬೆಂಗಳೂರನ್ನೂ, ಅಷ್ಟೇ ಬಿಸಿಲಿದ್ದರೂ ಹೀಟರ್ ಬಾರದ ಇತರ ಊರುಗಳನ್ನೂ ಬೇರೆ ಮಾಡಿ ಕಾಣಲಾರದು.

ಎಲ್‌ಇಡಿ ಬಲ್ಬಿನ ಕಥೆ ಇದಕ್ಕಿಂತ ವೇಗವಾಗಿ ನಡೆಯಿತು. 2015ರ ಜನವರಿಯಲ್ಲಿ ಆರಂಭವಾಗಿ ಕರ್ನಾಟಕದಲ್ಲಿ ಹೊಸ ಬೆಳಕು ಎಂಬ ಹೆಸರಿನಿಂದ ಬಂದ ಉಜಾಲಾ ಯೋಜನೆ ಸಗಟು ಖರೀದಿಯಿಂದ ಬಲ್ಬಿನ ದರವನ್ನು 310 ರೂಪಾಯಿಯಿಂದ ಎರಡೇ ವರ್ಷದಲ್ಲಿ 38ಕ್ಕೆ ಇಳಿಸಿತು. ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾಯಿತು. ಕೆಲವು ರಾಜ್ಯಗಳಲ್ಲಿ ಹತ್ತು ರೂಪಾಯಿ ಕೊಟ್ಟು ಬಲ್ಬು ತೆಗೆದುಕೊಂಡು ಉಳಿದದ್ದನ್ನು ಬಿಲ್ಲಿನ ಜೊತೆ ಕಂತಾಗಿ ಕಟ್ಟಬಹುದಿತ್ತು. ರೆಡ್ಡಿಯವರು ಹೇಳಿದ ಎರಡನೆಯ ಗುಂಪಿಗೆ, ಮೊದಲ ಖರ್ಚಿಗೆ ಹಣವಿಲ್ಲದವರಿಗೆ, ನೇರವಾಗಿ ತಲುಪಿದ ಉಪಾಯ ಇದು.

ದಕ್ಷತೆ ಹೆಚ್ಚಿದರೆ ಉಳಿತಾಯವೆಲ್ಲ ಕೈಗೆ ಬರುತ್ತದೆಯೇ ಎಂಬ ಅನುಮಾನ ಹಳೆಯದು. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಕಲ್ಲಿದ್ದಲಿನ ಕುರಿತ ತಮ್ಮ ಗ್ರಂಥದಲ್ಲಿ ಉಗಿಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲಿನ ಬಳಕೆ ಏರುತ್ತದೆ ಎಂದು ವಾದಿಸಿದರು. ಹೊಸ ಬಲ್ಬು ಅಗ್ಗದಲ್ಲಿ ಉರಿಯುತ್ತದೆಂದು ಹಿತ್ತಿಲಿಗೂ ಒಂದು ದೀಪ ಬರುತ್ತದೆ, ಹೊತ್ತಾದರೂ ಆರಿಸುವುದಿಲ್ಲ. ಶ್ರೀಮಂತ ದೇಶಗಳ ಸಾಹಿತ್ಯ ಇದನ್ನು ಸೋರಿಕೆಯೆಂದು ಕಳೆಯುತ್ತದೆ. ಮಕ್ಕಳು ಓದಲು ಬೆಳಕಿಲ್ಲದ ಮನೆಯಲ್ಲಿ ಹೆಚ್ಚಾದ ಆ ಒಂದು ಗಂಟೆ ಯೋಜನೆಯ ಉದ್ದೇಶವೇ ಆಗಿದೆ. ಮಾದರಿ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು, ಆದರೆ ಸೇವೆಯ ಖಾತೆಯಲ್ಲಿ ಬರೆದುಕೊಳ್ಳಬೇಕು.

ದರದ ಪಾತ್ರವೂ ಸರಳವಲ್ಲ. ಸಾಮಾನ್ಯ ಮಾದರಿಗಳು ಸರಾಸರಿ ದರ ಏರಿದರೆ ಬಳಕೆ ಇಷ್ಟು ಇಳಿಯುತ್ತದೆ ಎಂಬ ಒಂದೇ ಗುಣಾಂಕ ಇಟ್ಟುಕೊಳ್ಳುತ್ತವೆ. 2023ರ ಜುಲೈಯಿಂದ ಜಾರಿಗೆ ಬಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಉಚಿತ ಅರ್ಹತೆ ನಿಗದಿಯಾಯಿತು. ಅರ್ಹತೆಯೊಳಗಿನ ಯೂನಿಟ್ಟಿಗೆ ಬೆಲೆ ಸೊನ್ನೆ, ಅದನ್ನು ದಾಟಿದ್ದಕ್ಕೆ ದರ, 200 ದಾಟಿದರೆ ಪೂರ್ತಿ ಬಿಲ್ಲು. 199 ಯೂನಿಟ್ ಬಳಸುವ ಮನೆಗೆ ಇನ್ನೆರಡು ಯೂನಿಟ್ಟಿನ ಬೆಲೆ ಎಷ್ಟೆಂದು ಯಾವ ಸರಾಸರಿಯೂ ಹೇಳದು. ಮೇಲಿನ ಫ್ಯಾನಿನ ಲೆಕ್ಕವೂ ಇಲ್ಲಿ ಬೇರೆಯಾಗುತ್ತದೆ: ಅರ್ಹತೆಯೊಳಗಿರುವ ಮನೆಗೆ ಆ 135 ಯೂನಿಟ್ ಉಳಿಸಿದರೆ ಸಿಗುವುದು ಏನೂ ಇಲ್ಲ, ಲಾಭ ಪೂರ್ತಿ ಸರ್ಕಾರದ ಸಬ್ಸಿಡಿ ಖಾತೆಗೆ. ಹಾಗಾದರೆ ದಕ್ಷ ಫ್ಯಾನಿನ ಖರ್ಚನ್ನೂ ಸರ್ಕಾರವೇ ಹೊರುವುದು ನ್ಯಾಯವೂ ಹೌದು, ಲಾಭವೂ ಹೌದು. ಮನೆಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೆ ಕೊನೆಯ ಯೂನಿಟ್ಟಿನ ದರವನ್ನು ಕೊಟ್ಟ ಮಾದರಿ ಮಾತ್ರ ಇಂಥ ಸಲಹೆಯನ್ನು ರೂಪಾಯಿಗಳಲ್ಲಿ ಅಳೆಯಬಲ್ಲದು.

ಬಳಕೆದಾರರನ್ನು ಒರಟಾಗಿ ಅಳೆದ ಅಂದಾಜು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮೀಕ್ಷೆಗಳೇ ಸಾಕ್ಷಿ. 2021–22ಕ್ಕೆ ದೇಶದ ಗರಿಷ್ಠ ಬೇಡಿಕೆ 2,83,470 ಮೆಗಾವಾಟ್ ಆದೀತೆಂದು 18ನೇ ಸಮೀಕ್ಷೆ ಹೇಳಿತ್ತು, 19ನೆಯದು ಅದನ್ನು 2,25,751ಕ್ಕೆ ಇಳಿಸಿತು. ಆ ವರ್ಷ ನಿಜವಾಗಿ ಮುಟ್ಟಿದ್ದು ಸುಮಾರು 2,03,000. ಕೊರೊನಾ ಕಾಲದ ಹಿಂಜರಿತಕ್ಕೆ ಇದರಲ್ಲಿ ಪಾಲಿದೆ. ಆದರೆ ಅದಕ್ಕೆ ಮುನ್ನ, 2016–17ರಲ್ಲೇ, 18ನೇ ಸಮೀಕ್ಷೆ ಊಹಿಸಿದ 1,99,540 ಮೆಗಾವಾಟಿಗೆ ಎದುರಾಗಿ ದಾಖಲಾದದ್ದು 1,59,542. ಬಾರದ ಬೇಡಿಕೆಗೆ ಕಟ್ಟಿದ ಸ್ಥಾವರದ ನಿಶ್ಚಿತ ವೆಚ್ಚವನ್ನು ಅದರಿಂದ ಒಂದು ಯೂನಿಟ್ ಕೊಳ್ಳದಿದ್ದರೂ ವಿತರಣಾ ಕಂಪನಿಗಳು ಕಟ್ಟಬೇಕು, ಅದು ಕೊನೆಗೆ ದರಪಟ್ಟಿಗೇ ಬರುತ್ತದೆ.

ಸುಧಾರಣೆಗೆ ಬೇಕಾದ ಸಾಮಗ್ರಿ ಬಹುಪಾಲು ಕೈಗೆಟುಕುವಂಥದು. ಎಸ್ಕಾಂಗಳ, ಅಂದರೆ ರಾಜ್ಯದ ವಿತರಣಾ ಕಂಪನಿಗಳ, ಬಿಲ್ಲಿಂಗ್ ದಾಖಲೆ ಮನೆಮನೆಯ ತಿಂಗಳ ಬಳಕೆಯನ್ನು ಹೇಳುತ್ತದೆ, ಆ ಮನೆಯಲ್ಲಿ ಯಾವ ಸಾಧನವಿದೆ ಎಂದು ಹೇಳುವುದಿಲ್ಲ. ಕೆಲವೇ ಸಾವಿರ ಮನೆಗಳಲ್ಲಿ ಸಾಧನಗಳ ಸಮೀಕ್ಷೆ, ಕೆಲವು ನೂರು ಪಂಪುಗಳಿಗೆ ಗಂಟೆ ಗಂಟೆಯ ಮೀಟರು, ಐದು ವರ್ಷಕ್ಕೊಮ್ಮೆ ಅವುಗಳ ಪುನರಾವರ್ತನೆ, ಇಷ್ಟಿದ್ದರೆ ಮಾದರಿಗೆ ನೆಲ ಸಿಗುತ್ತದೆ. ಇನ್ನೊಂದು ಶಿಸ್ತು ಹಿನ್ನೋಟದ ಪರೀಕ್ಷೆ. 2005ರ ಮಾಹಿತಿಯಷ್ಟನ್ನೇ ಮಾದರಿಗೆ ಕೊಟ್ಟು 2020ನ್ನು ಊಹಿಸುವಂತೆ ಕೇಳಬೇಕು, ಬೆಂಗಳೂರಿನ ಸೌರ ಹೀಟರನ್ನೂ ಎಲ್‌ಇಡಿಯ ಜಿಗಿತವನ್ನೂ ಅದು ಹಿಡಿಯಿತೇ ಎಂದು ನೋಡಬೇಕು.

ಈ ಸಿದ್ಧತೆ ಮುಂದೆ ಹೆಚ್ಚು ಬೇಕಾಗುವುದು ತಂಪಿನ ವಿಷಯದಲ್ಲಿ. 2050ರ ಹೊತ್ತಿಗೆ ಭಾರತದಲ್ಲಿ ನೂರು ಕೋಟಿಗೂ ಮೀರಿ ಏರ್ ಕಂಡಿಷನರ್‌ಗಳು ಇರಬಹುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಅಂದಾಜಿಸಿತು. 2020ರಿಂದ ಹೊಸ ಯಂತ್ರಗಳು ಚಾಲೂ ಆದಾಗ 24 ಡಿಗ್ರಿಯಲ್ಲೇ ನಿಲ್ಲುವಂತೆ ನಿಯಮವಾಗಿದೆ. ಗುಂಡಿ ಒತ್ತಿ ಇಳಿಸುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಬಹಳ ಜನ ಇದ್ದದ್ದನ್ನು ಇದ್ದಂತೆ ಬಿಡುತ್ತಾರೆ ಎಂಬ ತಿಳಿವಳಿಕೆಯ ಮೇಲೆ ಆ ನಿಯಮ ನಿಂತಿದೆ. ರಾಯಚೂರು, ಕಲಬುರಗಿಯ ಮನೆಗಳಲ್ಲಿ ಏರ್ ಕೂಲರ್ ನಂತರ ಮೊದಲ ಎ.ಸಿ. ಬರುವಾಗ ಅದು ಯಾವ ಸ್ಟಾರಿನದು, ಯಾವ ಕೋಣೆಗೆ, ಎಷ್ಟು ಗಂಟೆಗೆ, ಹಳೆಯ ಕೂಲರ್ ಜೊತೆಗೇ ಇರುತ್ತದೆಯೇ ಎಂಬುದನ್ನು ಈಗಿನಿಂದಲೇ ದಾಖಲಿಸತೊಡಗಿದರೆ ಮುಂದಿನ ಯೋಜನೆಯ ಬೇಡಿಕೆಯ ಗೆರೆ ಆ ಮನೆಗಳಿಂದಲೇ ಹೊರಡುತ್ತದೆ.